ಹೆಂಡ ಸೋಕದ ಬ್ರೆಡ್ಡು

ಬೆಳಗಿನ ಐದು ಗಂಟೆ. ಬಿಳಿಚೋಡಿನ ಕೊನೆಯ ಕೇರಿಯ ಹಂಚಿನ ಮನೆಯೊಂದರ ಹಿತ್ತಲಲ್ಲಿ ಅಂತರಘಟ್ಟಮ್ಮ ಸೀಮೆಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದಾರೆ. ಡಬ್ಬಿಯ ತಳದಲ್ಲಿ ಮೂರು ಬೆರಳು ಮರಳು. ಅದರ ಮೇಲೆ ಎಣ್ಣೆ ಸವರಿದ ತಟ್ಟೆ, ತಟ್ಟೆಯಲ್ಲಿ ಓಟ್ಸ್ ಹಿಟ್ಟಿನ ದುಂಡನೆಯ ಮುದ್ದೆ. ಕೆಳಗೆ ಜಾಲಿ ಸೌದೆ ಉರಿಯುತ್ತಿದೆ. ಮುಕ್ಕಾಲು ಗಂಟೆಯ ನಂತರ ಹಳೆ ಬಟ್ಟೆ ಹಿಡಿದು ಬ್ರೆಡ್ಡನ್ನು ಹೊರತೆಗೆದು, ಬೋರಲು ಹಾಕಿ, ಬೆರಳ ಗೆಣ್ಣಿನಿಂದ ತಳಕ್ಕೆ ಬಡಿಯುತ್ತಾರೆ. ಟೊಳ್ಳು ಸದ್ದು ಬಂದರೆ ಬೆಂದಿದೆ. ಇಲ್ಲವಾದರೆ ಮತ್ತೆ ಡಬ್ಬಿಯೊಳಕ್ಕೆ.

ಬ್ರೆಡ್ಡು ನೋಡಲು ಚೆಂದವಿಲ್ಲ. ಕಂದು ಬಣ್ಣ, ಬಿರುಕು ಬಿಟ್ಟ ಮೈ. ಬೇಕರಿಯದರ ಹಾಗೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಆದರೆ ಚಹಾದಲ್ಲಿ ಅದ್ದಿದರೆ ಕೆಮ್ಮಿ ಕೆಮ್ಮಿ ಹುಣ್ಣಾದ ಗಂಟಲಿನಲ್ಲೂ ಇಳಿಯುತ್ತದೆ. ಏಳು ಗಂಟೆಗೆ ಊರಿನ ಸರ್ಕಾರಿ ಆಸ್ಪತ್ರೆಯ ಜಗಲಿಯಲ್ಲಿ ಹದಿನಾಲ್ಕು ಮಂದಿ ಕ್ಷಯರೋಗಿಗಳು ಇದರ ಒಂದೊಂದು ಹೋಳು ತಿಂದು, ಆಮೇಲೆ ಮಾತ್ರೆ ನುಂಗುತ್ತಾರೆ.

ಅಂತರಘಟ್ಟಮ್ಮನಿಗೆ ನಲವತ್ತಾರು ವರ್ಷ. ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ, ಮದುವೆಯಾಗಿ ಬಂದದ್ದು ಜಗಳೂರು ತಾಲ್ಲೂಕಿನ ಈ ಊರಿಗೆ. ಗಂಡ ಉಚ್ಚಂಗೆಪ್ಪ ಕುರಿ ಮೇಯಿಸುತ್ತಾರೆ. ಈಕೆ ಒಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಕಸ ಗುಡಿಸಿ ನೀರು ತುಂಬುತ್ತಿದ್ದಾರೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಬ್ರೆಡ್ಡು ಮಾಡುವುದು ಅದರ ಭಾಗವೂ ಅಲ್ಲ. ಅದನ್ನು ತಲೆಗೆ ಕಟ್ಟಿಕೊಳ್ಳಲು ಕಾರಣ ದುರುಗಪ್ಪ ಎಂಬ ರೋಗಿ.

ದುರುಗಪ್ಪ ಬಾವಿ ತೋಡುವವನು. ಎರಡು ಸಲ ಕ್ಷಯದ ಚಿಕಿತ್ಸೆ ಶುರು ಮಾಡಿ ಎರಡು ಸಲವೂ ಅರ್ಧಕ್ಕೆ ಬಿಟ್ಟಿದ್ದ. ಒಂದೂವರೆ ವರ್ಷದ ಕೆಳಗೆ ಮೂರನೆಯ ಸಲ ಬಂದಾಗ ಡಾಕ್ಟರು ಅವನಿಗೆ ಬಿಡಿಸಿ ಹೇಳಿದ್ದರು: ಹದಿನೆಂಟು ತಿಂಗಳು ಒಂದು ದಿನವೂ ತಪ್ಪಬಾರದು. ಈ ಬಾರಿಯೂ ಬಿಟ್ಟರೆ ಮುಂದೆ ಈ ಮಾತ್ರೆಗಳು ನಾಟುವುದಿಲ್ಲ, ಬೇರೆ ಔಷಧಿ ಇಲ್ಲಿಲ್ಲ. ದಿನಾ ಬಂದು ಕಣ್ಣೆದುರೇ ನುಂಗಬೇಕೆಂದು ಗೊತ್ತು ಮಾಡಿದರು. ಬರಿ ಹೊಟ್ಟೆಗೆ ಆ ಮಾತ್ರೆ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸುತ್ತದೆ. ಅದಕ್ಕೆಂದು ಪೇಟೆಯಿಂದ ಬಸ್ಸಿನಲ್ಲಿ ಬೇಕರಿ ಬ್ರೆಡ್ಡು ತರಿಸುತ್ತಿದ್ದರು.

ಎರಡು ವಾರ ಕಳೆದಿರಬೇಕು, ಕಸ ಗುಡಿಸುವಾಗ ಅಂತರಘಟ್ಟಮ್ಮನಿಗೆ ಆಸ್ಪತ್ರೆಯ ಬೇಲಿಯ ಮರೆಯಲ್ಲಿ ವಾಂತಿ ಕಂಡಿತು. ಅದರಲ್ಲಿ ಕರಗದ ಮಾತ್ರೆ. ಪಕ್ಕದಲ್ಲೇ ಕಚ್ಚದೆ ಎಸೆದ ಬ್ರೆಡ್ಡಿನ ಹೋಳು. ಮರುದಿನವೂ ಹಾಗೆಯೇ. ಮೂರನೆಯ ದಿನ ಅವರು ಬೇಲಿಯ ಹತ್ತಿರವೇ ಪೊರಕೆ ಹಿಡಿದು ನಿಂತರು. ಬಂದವನು ದುರುಗಪ್ಪ.

ಅವನು ಹೆಂಡ ಬಿಡುವಾಗ ದೇವಿ ಉಚ್ಚಂಗೆಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದ್ದ. ಬೇಕರಿಯವರು ಹಿಟ್ಟು ಉಬ್ಬಲಿಕ್ಕೆ ಹೆಂಡದ ಗಸಿ ಹಾಕುತ್ತಾರೆಂಬುದು ಈ ಕಡೆ ಎಲ್ಲರೂ ನಂಬಿದ ಮಾತು. ಪೂರ್ತಿ ಸುಳ್ಳೂ ಅಲ್ಲ, ಹಿಂದೆ ಕೆಲವರು ಹಾಕುತ್ತಿದ್ದದ್ದುಂಟು. ಈಗ ಹಾಕುವುದು ಈಸ್ಟ್ ಎಂದು ಕಾಂಪೌಂಡರ್ ಹಾಲೇಶಪ್ಪ ಎಷ್ಟು ತಿಳಿಹೇಳಿದರೂ ದುರುಗಪ್ಪ ಮೂಸಿ ನೋಡಿ ಅಡ್ಡಡ್ಡ ತಲೆಯಾಡಿಸಿದನಂತೆ. ‘ಸಾಯೋದಾದ್ರೆ ರೋಗದಾಗೆ ಸಾಯ್ತೀನಿ ಸ್ವಾಮಿ, ಆಣೆ ಮುರಿದು ಸಾಯಾಂಗಿಲ್ಲ’ ಎಂದದ್ದನ್ನು ಹಾಲೇಶಪ್ಪ ಇವತ್ತಿಗೂ ಅಣಕಿಸಿ ತೋರಿಸುತ್ತಾರೆ. ಅವನ ಮನೆಯಲ್ಲಿ ಬೆಳಗಿನ ಹೊತ್ತು ರೊಟ್ಟಿ ಇರುತ್ತಿದ್ದದ್ದು ಅಪರೂಪ. ಇದ್ದರೂ ತಂಗಳು ಜೋಳದ ರೊಟ್ಟಿ ಆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಗ ಅಂತರಘಟ್ಟಮ್ಮನಿಗೆ ನೆನಪಾದದ್ದು ಓಟ್ಸ್. ಹೊರದೇಶದ ನೆರವಿನ ಈ ಧಾನ್ಯವನ್ನು ದತ್ತಿ ಸಂಸ್ಥೆಯೊಂದು ಪ್ರತಿ ರೋಗಿಗೂ ತಿಂಗಳಿಗೆ ಒಂದು ಕೆಜಿಯಂತೆ ಕೊಡುತ್ತಿತ್ತು. ಗಂಜಿ ಕಾಸಿದರೆ ಅಂಟಂಟು. ಜನ ಆಸ್ಪತ್ರೆಯಲ್ಲಿ ತಲೆಬಾಗಿ ಇಸಿದುಕೊಂಡು, ಮನೆಗೆ ಹೋಗಿ ಎಮ್ಮೆಗೆ ಹಾಕುತ್ತಿದ್ದರು. ಹಿಂದೆ ಇಲ್ಲಿದ್ದು ಈಗ ಹೊನ್ನಾಳಿಗೆ ವರ್ಗವಾಗಿರುವ ನರ್ಸ್ ನಿರ್ಮಲಮ್ಮ ಮನೆಯಲ್ಲಿ ಹುಳಿ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಬ್ರೆಡ್ಡು ಸುಡುತ್ತಿದ್ದದ್ದನ್ನು ಅಂತರಘಟ್ಟಮ್ಮ ಕಂಡಿದ್ದರು. ಕಂಡಿದ್ದರಷ್ಟೇ, ಮಾಡಿರಲಿಲ್ಲ.

ಮೊದಲ ವಾರ ಎಲ್ಲವೂ ಕೆಟ್ಟಿತು. ತಪ್ಪು ಇದ್ದದ್ದು ಅವರ ಕೈಚಳಕದಲ್ಲೇ. ಜೋಳದ ರೊಟ್ಟಿ ಬಡಿದು ಪಳಗಿದ ಕೈ. ಓಟ್ಸ್ ಹಿಟ್ಟಿಗೂ ಕುದಿಯುವ ಎಸರು ಹೊಯ್ದು, ಅಂಗೈ ಬುಡ ಒತ್ತಿ ಚೆನ್ನಾಗಿ ನಾದಿದರು. ಹಿಟ್ಟು ಗೋಡೆಗೆ ಕಾಗದ ಅಂಟಿಸುವ ಅಂಟಿನಂತಾಯಿತು. ‘ಒಳ್ಳೆ ರೊಟ್ಟಿ ಮಾಡ್ತಾಳೆ ಅಂತ ಅತ್ತಿ ಹತ್ರ ಹೆಸರು ತಗಂಡಾಕಿ ನಾನು. ಆ ಕೈನೇ ಕೆಡಿಸ್ತು ನೋಡ್ರಿ. ಇದನ್ನ ನಾದಬಾರ್ದು. ಕೂಸಿನ ತಲೆ ಸವರಿದಂಗೆ ಸವರಿ ಬಿಟ್ಬಿಡಬೇಕು’ ಎನ್ನುತ್ತಾರೆ.

ಈಗಿನ ಕ್ರಮ ಇಷ್ಟು. ಓಟ್ಸನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿಯುವುದು. ಎರಡು ಪಾಲು ಓಟ್ಸ್ ಹಿಟ್ಟಿಗೆ ಒಂದು ಪಾಲು ಗೋಧಿ ಹಿಟ್ಟು, ಉಪ್ಪು, ಗೋಲಿ ಗಾತ್ರದ ಬೆಲ್ಲ, ಚಿಟಿಕೆ ಸೋಡಾ. ಕೊನೆಗೆ ತಣ್ಣನೆಯ ಹುಳಿ ಮಜ್ಜಿಗೆ. ಮಜ್ಜಿಗೆ ಬಿದ್ದೊಡನೆ ಹಿಟ್ಟು ನೊರೆಗಟ್ಟುತ್ತದೆ. ಆ ಉಸಿರು ಆರುವ ಮುಂಚೆ ಡಬ್ಬಿಗೆ ಇಳಿಸಬೇಕು. ಓಟ್ಸ್ ರೋಗಿಗಳು ತಂದುಕೊಡುತ್ತಾರೆ. ಗೋಧಿ ಅಂತರಘಟ್ಟಮ್ಮನ ಮನೆಯ ರೇಷನ್ನಿನದು. ದಿನಕ್ಕೆ ಎರಡು ಬ್ರೆಡ್ಡು, ಒಂದರಲ್ಲಿ ಏಳು ಹೋಳು. ಭಾನುವಾರವೂ ರಜೆಯಿಲ್ಲ, ಮಾತ್ರೆಗೆ ರಜೆಯಿಲ್ಲವಲ್ಲ.

ರೋಗಿಗಳಲ್ಲಿ ಮೂವರು ಅಂತರಘಟ್ಟಮ್ಮನ ಮನೆಯ ನೀರು ಮುಟ್ಟದವರು. ಬ್ರೆಡ್ಡನ್ನು ಹಾಲೇಶಪ್ಪ ಹಂಚಿದರೆ ಅವರಿಗೆ ಅದು ಔಷಧಿ, ಅಂತರಘಟ್ಟಮ್ಮ ಹಂಚಿದರೆ ತಿಂಡಿ. ಆದ್ದರಿಂದ ಹಾಲೇಶಪ್ಪ ಹಂಚುತ್ತಾರೆ. ಈ ಏರ್ಪಾಡಿನ ಬಗ್ಗೆ ಕೇಳಿದರೆ ಅಂತರಘಟ್ಟಮ್ಮ ಪೊರಕೆ ಕೆಳಗಿಡದೆ ಹೇಳುತ್ತಾರೆ: ‘ತಿಂತಾರಲ್ರೀ, ಸಾಕು. ಯಾರ ಕೈದು ಅಂತ ರೋಗದ ಹುಳಕ್ಕೇನು ಗೊತ್ತಾಗ್ತೈತೆ?’

ದುರುಗಪ್ಪನನ್ನು ನಂಬಿಸುವುದೂ ಸುಲಭವಿರಲಿಲ್ಲ. ಅವನನ್ನು ಹಿತ್ತಲಿಗೆ ಕರೆದು, ಕುಟ್ಟುವುದರಿಂದ ಸುಡುವವರೆಗೆ ಎದುರಿಗೆ ಕೂರಿಸಿಕೊಂಡರು. ಮಜ್ಜಿಗೆ ನೊರೆ ಎದ್ದಾಗ ಅವನು ಅನುಮಾನದಿಂದ ಮೂಗು ಹತ್ತಿರ ತಂದನಂತೆ. ಬರೀ ಮಜ್ಜಿಗೆ. ಅವತ್ತು ಒಂದು ಹೋಳು ತಿಂದ, ಮಾತ್ರೆ ನುಂಗಿದ, ವಾಂತಿಯಾಗಲಿಲ್ಲ. ಹೊರದೇಶದಲ್ಲಿ ಓಟ್ಸ್ ಕುದುರೆಗೆ ಹಾಕುತ್ತಾರೆಂದು ಹಾಲೇಶಪ್ಪ ಚುಡಾಯಿಸಿದ್ದಕ್ಕೆ, ಕುದುರೆ ಹೆಂಡ ಕುಡಿಯುವುದಿಲ್ಲವಲ್ಲ ಎಂದು ತಿರುಗೇಟು ಕೊಟ್ಟನಂತೆ.

ಹದಿನೆಂಟು ತಿಂಗಳು ಮುಗಿದದ್ದು ಈ ತಿಂಗಳು. ಕಫ ಪರೀಕ್ಷೆಗೆ ಜಗಳೂರಿಗೆ ಹೋಗಿತ್ತು. ಫಲಿತಾಂಶ ಬರುವ ತನಕ ಮಾತ್ರೆಯೂ ನಿಲ್ಲಲಿಲ್ಲ, ಬ್ರೆಡ್ಡೂ ನಿಲ್ಲಲಿಲ್ಲ. ಆ ಒಂದು ವಾರ ಅಂತರಘಟ್ಟಮ್ಮ ಟಪಾಲಿನ ಬಗ್ಗೆ ದಿನಕ್ಕೆರಡು ಸಲ ವಿಚಾರಿಸಿದರೆಂದು ಹಾಲೇಶಪ್ಪ ದೂರುತ್ತಾರೆ. ಕಳೆದ ಶುಕ್ರವಾರ ಚೀಟಿ ಬಂತು. ಹಾಲೇಶಪ್ಪ ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ ಓದಿದರು. ಕಫದಲ್ಲಿ ಕ್ರಿಮಿ ಇಲ್ಲ. ಡಾಕ್ಟರು ರಿಜಿಸ್ಟರಿನಲ್ಲಿ ದುರುಗಪ್ಪನ ಹೆಸರಿನ ಮುಂದೆ ಗುಣವಾಗಿದೆ ಎಂದು ಬರೆದು ಸಹಿ ಹಾಕಿದರು.

ದುರುಗಪ್ಪ ಜಗಲಿಯಿಂದ ಇಳಿಯಲಿಲ್ಲ. ಬಕೆಟ್ಟು ಹಿಡಿದು ಹೊರಟಿದ್ದ ಅಂತರಘಟ್ಟಮ್ಮನನ್ನು ತಡೆದು, ನಾಳೆಯೂ ಬರುತ್ತೇನೆ, ಒಂದು ಹೋಳು ಇಟ್ಟಿರು ಎಂದ. ಅವರು ಕೊಡುವುದಿಲ್ಲ ಎಂದರು, ಅದು ರೋಗಿಗಳದು.

‘ಒಂದೂವರೆ ವರ್ಷ ಸಾಕಿ ಈಗ ಹೊರಗೆ ಹಾಕ್ತೀಯಲ್ಲಕ್ಕ’ ಎಂದ ದುರುಗಪ್ಪ.

‘ಹೊರಗೆ ಹಾಕಾಕೇ ಸಾಕಿದ್ದು ಕಣಪ್ಪ’ ಎಂದು ಅಂತರಘಟ್ಟಮ್ಮ ನೀರಿಗೆ ನಡೆದರು.