ಬಟ್ಟಲಿನಲ್ಲಿ ಉಳಿದ ಕಾಳು

ಹೊಲಿಗೆಯಕ್ಕನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲವೆಂದು ಇಡೀ ಬೀದಿಗೇ ಗೊತ್ತಿತ್ತು. ಮೂವತ್ತು ವರ್ಷ ಬಟ್ಟೆ ಹೊಲಿದವಳು, ಕಾಲಿಂಚು ಹೆಚ್ಚುಕಮ್ಮಿಯಾದರೂ ಟೇಪು ಹಿಡಿಯದೆಯೇ ಹೇಳಿಬಿಡುತ್ತಿದ್ದಳು. ಆ ಕಣ್ಣಿಗೇ ಅವಳ ಗಿಣಿ ಮಣ್ಣೆರಚಿತು.

ಒಂದು ವಾರದಿಂದ ಅದು ಪುಕ್ಕ ಉಬ್ಬಿಸಿಕೊಂಡು ಮುದುರಿ ಕೂತಿರುತ್ತಿತ್ತು. ಆದರೆ ಇವಳು ಮೆಷಿನ್ನಿನಿಂದ ತಲೆಯೆತ್ತಿದಾಗಲೆಲ್ಲ ಬಟ್ಟಲಿಗೆ ಕೊಕ್ಕು ಹಾಕಿ ನವಣೆ ಬಿಡಿಸುತ್ತಿತ್ತು, ಹೊಟ್ಟು ಹಾರುತ್ತಿತ್ತು. ತಿನ್ನುತ್ತಿದೆಯಲ್ಲ, ಇನ್ನೇನು ಎಂದುಕೊಂಡು ಇವಳು ಮತ್ತೆ ಮೆಷಿನ್ ತುಳಿಯುತ್ತಿದ್ದಳು.

ಅದು ಕಡ್ಡಿಯಿಂದ ಕೆಳಗೆ ಬಿದ್ದ ದಿನ ಪಂಜರದ ಸಮೇತ ಹಕ್ಕಿ ಡಾಕ್ಟರ ಬಳಿಗೆ ಓಡಿದಳು. ಅವರು ಗಿಣಿಯ ಚೂಪಾದ ಎದೆಮೂಳೆ ಮುಟ್ಟಿ ನೋಡಿ, ಬಟ್ಟಲಿನ ಹೊಟ್ಟನ್ನು ಉಫ್ ಎಂದು ಊದಿದರು. ಕೆಳಗೆ ಬಿಡಿಸಿದ ಕಾಳೆಲ್ಲ ಹಾಗೇ ಬಿದ್ದಿತ್ತು.

"ಒಂದು ಕಾಳೂ ಗಂಟಲಿಗೆ ಇಳಿದಿಲ್ಲಮ್ಮ. ಈ ಹಕ್ಕಿಗಳು ಯಾರಾದ್ರೂ ನೋಡ್ತಿದ್ರೆ ತಿನ್ನೋ ಹಾಗೆ ನಟಿಸ್ತವೆ. ಕಾಯಿಲೆ ಅಂತ ಗೊತ್ತಾದ್ರೆ ಹದ್ದು ಎತ್ಕೊಂಡು ಹೋಗುತ್ತೆ ಅಂತ ಭಯ."

ಅವಳಿಗೆ ಗಂಡನ ನೆನಪಾಯಿತು. ಕೊನೆಯ ತಿಂಗಳೂ ಅವನ ಊಟದ ಡಬ್ಬಿ ದಿನಾ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಅಷ್ಟನ್ನೂ ಬೀದಿನಾಯಿಗಳಿಗೆ ಸುರಿಯುತ್ತಿದ್ದನೆಂದು ಕಾರ್ಖಾನೆಯ ವಾಚ್‌ಮನ್ ಬಾಯಿಬಿಟ್ಟದ್ದು ಅವನು ತೀರಿಕೊಂಡ ಮೇಲೆ.

ಔಷಧಿ ಹಿಡಿದು ಮನೆಗೆ ಬಂದು ಪಂಜರವನ್ನು ಮೆಷಿನ್ ಪಕ್ಕ ಇಟ್ಟಳು. ಅವಳು ನೋಡಿದ್ದೇ ತಡ, ಗಿಣಿ ಬಟ್ಟಲಿಗೆ ಕೊಕ್ಕು ಹಾಕಿತು.

"ಸಾಕು ಮಾಡು," ಎಂದಳು. "ನಮ್ಮನೆಯವರಿಗೂ ಕೈಯಾರೆ ಡಬ್ಬಿ ಕಟ್ದೆ, ನಿಂಗೂ ಕೈಯಾರೆ ಹಾಕ್ದೆ. ನಾನೇನು ಹದ್ದಾ?"