ಗಂಟೆಯಿಲ್ಲದ ಗುಡಿ

ಕಾಂಬೋಡಿಯಾದ ಹಳೆಯ ಗುಡಿಗಳ ಫೋಟೊ ತೆಗೆಯಲು ಒಬ್ಬನೇ ಹೋಗಿದ್ದೆ. ಫೋಟೊದೊಳಗೆ ಜನ ನುಸುಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರವಾಸಿಗಳ ಗುಂಪು ಸರಿಯಲೆಂದು ಬಿಸಿಲಲ್ಲಿ ತಾಸುಗಟ್ಟಲೆ ಕಾಯುತ್ತಿದ್ದೆ. ಭಾಷೆ ಬರದ ಊರು; ಊಟವನ್ನೂ ಬೆರಳು ತೋರಿಸಿಯೇ ತರಿಸಿಕೊಳ್ಳುತ್ತಿದ್ದೆ.

ಎಂಟನೆಯ ದಿನ ಒಂದು ಗುಡಿಯ ಬಾಗಿಲು ದಾಟುವಾಗ, ಗಂಟೆ ಬಾರಿಸಲೆಂದು ನನ್ನ ಬಲಗೈ ತಾನಾಗಿಯೇ ಮೇಲೆದ್ದಿತು. ಅಲ್ಲಿ ಗಂಟೆಯೇ ಇರಲಿಲ್ಲ.

ಹಾನಗಲ್ಲಿನ ನಮ್ಮ ಓಣಿಯ ಗುಡಿಯಲ್ಲಿ ಗಂಟೆ ತುಸು ಎತ್ತರಕ್ಕಿದೆ. ನನ್ನ ಹೆಂಡತಿಗೆ ಎಟಕುತ್ತಿರಲಿಲ್ಲ. “ನಂದೂ ಒಂದು ಬಾರಿಸಿಬಿಡ್ರಿ” ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಎರಡು ಸಲ ಬಾರಿಸುವುದನ್ನು ನಾನು ಬಿಟ್ಟಿಲ್ಲ.

ಎತ್ತಿದ ಕೈಯನ್ನು ಇಳಿಸುವಷ್ಟರಲ್ಲಿ, ಅಂಗಳದಾಚೆ ಕಲ್ಲಿನ ಮೇಲೆ ಕುಳಿತಿದ್ದ ಅಲ್ಲಿಯ ಮುದುಕಿಯೊಬ್ಬಳು ನಾನು ತನಗೇ ಕೈ ಮಾಡಿದೆನೆಂದು ತಿಳಿದು, ನಗುತ್ತ ತಾನೂ ಕೈ ಬೀಸಿದಳು. ನನಗೆ ನಾಚಿಕೆಯಾಯಿತು. ಮುಖ ಮರೆಸಲು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಫೋಟೊಕ್ಕೆ ತಾನು ಅಡ್ಡವಾದೆನೆಂದುಕೊಂಡು ಆಕೆ ಗಡಿಬಿಡಿಯಿಂದ ಏಳತೊಡಗಿದಳು.

“ಕುಂಡ್ರಿ, ಏಳಬ್ಯಾಡ್ರಿ” ಅಂದೆ.

ಆ ಎಂಟು ದಿನಗಳಲ್ಲಿ ನನ್ನ ಬಾಯಿಂದ ಹೊರಟ ಮೊದಲ ಕನ್ನಡ ಅದು.