ಮಿಕ್ಸಿ ಬಂದ್ ಮಾಡಿಸುತ್ತಿದ್ದ ಕಂಪ್ಯೂಟರ್

ಚಟ್ನಿಗೆ ಕಾಯಿ, ಹುರಿಗಡಲೆ ಹಾಕಿ ಮಿಕ್ಸಿಯ ಗುಂಡಿಗೆ ಕೈಯಿಟ್ಟಿದ್ದೆ. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಗಂಡ ಕೂಗಿದ: "ಮೀಟಿಂಗಲ್ಲಿದ್ದೀನಿ ಕಣೇ, ಆಮೇಲೆ ರುಬ್ಕೋ!"

ಲಿಂಗರಾಜಪುರದ ನಮ್ಮ ಹಳೇ ಮನೆ ನೆನಪಾಯಿತು. ಅಪ್ಪ ವಿಂಡೋಸ್ ಭಕ್ತ, ಸೋದರಮಾವ ಲಿನಕ್ಸ್ ಭಕ್ತ. ಒಂದೇ ಕಂಪ್ಯೂಟರಿಗೆ ಎರಡೂ ಆಪರೇಟಿಂಗ್ ಸಿಸ್ಟಮ್‌ಗಳನ್ನು ತುಂಬಿಸಿ, ಭಾನುವಾರ ಬೆಳಿಗ್ಗೆಯೇ ಪಂದ್ಯಕ್ಕೆ ಕೂರುತ್ತಿದ್ದರು. ಹಾಡು ಓಡುತ್ತಿರುವಾಗಲೇ ಫ್ಲಾಪಿಗೆ ಫೈಲು ಇಳಿಸಬೇಕು. ಹಾಡು ತಡವರಿಸಿದರೆ ಸೋತಂತೆ.

"ನಿಮ್ದು ಎರಡನೇ ಕೆಲ್ಸ ಕೊಟ್ರೆ ಏದುಸಿರು ಬಿಡುತ್ತೆ, ಭಾವ."

"ನಿಂದ್ರಲ್ಲಿ ಮೊದ್ಲು ಹಾಡಿನ ಸೌಂಡ್ ಬರ್ಲಿ, ಹೋಗೋ!"

ಮಿಕ್ಸಿ ಹಾಕಿದರೆ ವೋಲ್ಟೇಜ್ ಇಳಿದು ಕಂಪ್ಯೂಟರ್ ಆರಿಹೋಗುತ್ತಿತ್ತು. ಹಾಗಾಗಿ ಪಂದ್ಯ ಮುಗಿಯುವವರೆಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟಿವಿ ಎಲ್ಲವೂ ಬಂದ್. ಆ ಡಬ್ಬ ಒಟ್ಟಿಗೆ ಎರಡು ಕೆಲಸ ಮಾಡಲೆಂದು ಇಡೀ ಮನೆ ಒಂದು ಕೆಲಸವನ್ನೂ ಮಾಡದೆ ಕೂತಿರುತ್ತಿತ್ತು. ಅಮ್ಮ ಕಾಯಿ ತುರಿದಿಟ್ಟು ಅಡುಗೆಮನೆ ಬಾಗಿಲಲ್ಲಿ ಕಾಯುತ್ತಿದ್ದಳು. ಗೆದ್ದವರು ಯಾರೆಂದು ಯಾವ ವಾರವೂ ತೀರ್ಮಾನವಾಗಲಿಲ್ಲ. ಕೊನೆಗೆ ಇಬ್ಬರು ಮಹಾಶಯರೂ ಒಮ್ಮತದಿಂದ ಕೇಳುತ್ತಿದ್ದದ್ದು ಒಂದೇ ಮಾತು: "ಚಟ್ನಿ ಇನ್ನೂ ಆಗಿಲ್ವಾ?"

ಗಂಡ ಮತ್ತೆ ಕೈಸನ್ನೆ ಮಾಡಿದ, ಸದ್ದು ಬೇಡವೆಂದು.

ಅಮ್ಮ ಕಾದಿದ್ದಳು. ನಾನು ಗುಂಡಿಯನ್ನು ಸೀದಾ ಮೂರಕ್ಕೆ ತಿರುಗಿಸಿದೆ.